ಐವತ್ತನಾಲ್ಕರ ಕತ್ತರಿ

ಮೊದಲ ಪುಟ (ಬರೆದದ್ದು ಕೊನೆಗೆ, ಅಕ್ಟೋಬರ್ 14)

ಹೊಸ ಡೈರಿಯ ಮೊದಲ ಪುಟವನ್ನು ಖಾಲಿ ಬಿಡುವುದು ನನ್ನ ಅಭ್ಯಾಸ. ಬಟ್ಟೆಯ ಥಾನಿನಲ್ಲೂ ಮೊದಲ ಗೇಣನ್ನು ನಾನು ಮುಟ್ಟುವುದಿಲ್ಲ. ಮಡಿಕೆ, ಕೊಳೆ, ಹಿಂದಿನವರ ಬೆರಳ ಗುರುತು ಎಲ್ಲ ಅಲ್ಲೇ ಇರುತ್ತದೆ. ಈಗ ಎಲ್ಲ ಮುಗಿದಿದೆ, ಒಟ್ಟು ಖರ್ಚು ಇಲ್ಲಿ ಬರೆದಿಡುತ್ತೇನೆ.

ಹೋದದ್ದು: ಎರಡು ಕೋಟುಗಳಿಗಾಗುವಷ್ಟು ಒಳ್ಳೆಯ ಉಣ್ಣೆ ಬಟ್ಟೆ. ಚೆನ್ನಾಗಿಯೇ ತಿರುಗುತ್ತಿದ್ದ ಒಂದು ಫ್ಯಾನು. ಕಿಟಕಿಯ ಬೊಂಬೆಯ ಒಂದು ಕೈ. ಮಗಳ ಹೆಬ್ಬೆರಳಿನ ಚರ್ಮ. ಮೊಂಡಾಗದ ಕತ್ತರಿಗೆ ಎರಡು ಸಲ ಸಾಣೆ. ಮತ್ತು ನಮ್ಮ ಮನೆತನದ ಒಂದು ಪದ್ಧತಿ. ಅದಕ್ಕೆ ಬೆಲೆ ಕಟ್ಟಲು ನನಗೆ ಬರುವುದಿಲ್ಲ.

ಸೆಪ್ಟೆಂಬರ್ 2

ಮುಂದಿನ ತಿಂಗಳು ಹನ್ನೆರಡಕ್ಕೆ ನನಗೆ ಐವತ್ತನಾಲ್ಕು ತುಂಬುತ್ತದೆ. ಅವತ್ತು ದೊಡ್ಡ ಕತ್ತರಿಯನ್ನು ಮಗಳ ಕೈಗೆ ಕೊಟ್ಟು ನಾನು ಕುರ್ಚಿಗೆ ಹೋಗಬೇಕು. ನಮ್ಮ ಹೊಲಿಗೆ ಅಂಗಡಿಯಲ್ಲಿ ಅದು ಹಾಗೇ ನಡೆದುಬಂದದ್ದು. ಅಜ್ಜಿ ಐವತ್ತನಾಲ್ಕಕ್ಕೆ ಅಮ್ಮನಿಗೆ ಕೊಟ್ಟಳು, ಅಮ್ಮ ಐವತ್ತನಾಲ್ಕಕ್ಕೆ ನನಗೆ ಕೊಟ್ಟಳು. ಕೊಟ್ಟವರು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಅಂಚು ಹೊಲಿಯಬೇಕು, ಗುಂಡಿ ಹಾಕಬೇಕು, ಬಂದವರ ಕ್ಷೇಮ ಸಮಾಚಾರ ಕೇಳಬೇಕು. ಅಮ್ಮನಿಗೆ ಈಗ ಎಪ್ಪತ್ತಾರು. ಅಂದಿನಿಂದ ಅದೇ ಕುರ್ಚಿ. ಕುರ್ಚಿಗೆ ಅಮ್ಮನ ಆಕಾರ ಬಂದಿದೆಯೋ, ಅಮ್ಮನಿಗೆ ಕುರ್ಚಿಯದೋ, ಹೇಳುವುದು ಕಷ್ಟ. ನಾನು ಅಲ್ಲಿ ಕೂತರೆ ಅಮ್ಮ ಎಲ್ಲಿ ಕೂರುವುದು ಎಂದು ಯಾರೂ ಯೋಚಿಸಿಲ್ಲ. ಇನ್ನೊಂದು ಕುರ್ಚಿ ತಂದರಾಯಿತು.

ಅಮ್ಮ ಕೊಟ್ಟಾಗ ಅಂಗಡಿ ಎಂದರೆ ಒಂದು ಮೆಷಿನ್ನು, ಒಂದು ಬೆಂಚು. ಎಂಟಡಿಯ ಟೇಬಲ್ಲು, ಎರಡನೇ ಮೆಷಿನ್ನು, ರಸ್ತೆಗೆ ಕಾಣುವ ಗಾಜಿನ ಕಿಟಕಿ ಎಲ್ಲ ಬಂದದ್ದು ನನ್ನ ಮಾತಿನಿಂದ. ಬಾಯಿದ್ದವರು ಬರಗಾಲದಲ್ಲೂ ಬದುಕಿದರು ಎಂಬುದಕ್ಕೆ ನಾನೇ ಸಾಕ್ಷಿ. ಕಿಟಕಿಯಲ್ಲಿ ಮೂರು ಬೊಂಬೆ: ಸಣ್ಣ ಸೊಂಟದ ಹುಡುಗಿ, ಮಗುವನ್ನು ಹಿಡಿಯಲೆಂದು ಒಂದು ಕೈ ಕೆಳಗೆ ಚಾಚಿರುವ ತಾಯಿ (ಮಗುವಿನ ಬೊಂಬೆ ಎಂದೋ ಒಡೆದುಹೋಯಿತು, ಕೈ ಹಾಗೇ ಉಳಿಯಿತು), ಬಿಳಿ ಕೂದಲಿನ ಅಜ್ಜಿ. ಗೋಡೆಯ ಮೊಳೆಗಳಲ್ಲೂ, ಬಟ್ಟೆಯ ಮೇಲಿಟ್ಟು ಕತ್ತರಿಸಲು, ಮೂರೇ ರಟ್ಟಿನ ಅಚ್ಚು. ಒಂದೊಂದರ ಮೇಲೂ ನನ್ನ ಕೈಬರಹ: ಹುಡುಗಿ, ತಾಯಿ, ಅಜ್ಜಿ. ಬಂದ ಹೆಂಗಸನ್ನು ಬಾಗಿಲಲ್ಲೇ ನೋಡಿ ಯಾವ ಮೊಳೆ ಎಂದು ಹೇಳಬಲ್ಲೆ. ಮಿಕ್ಕದ್ದು ಅಲ್ಲಿ ಇಲ್ಲಿ ಹಿಡಿಯುವುದು, ಬಿಡುವುದು.

ಮಗಳನ್ನು ನಾವು ಪುಟ್ಟಿ ಎನ್ನುತ್ತೇವೆ; ಮೂವತ್ತಾದರೂ ಪುಟ್ಟಿಯೇ. ಮನೆಗಳ ನಕ್ಷೆ ಬರೆಯುವ ಆಫೀಸು ಬಿಟ್ಟು ಜೂನ್‌ನಲ್ಲಿ ಬಂದಳು. "ಅಂಗಡಿಗೆ ಬರ್ತೀನಿ ಅಮ್ಮಾ" ಎಂದಳು. ಸರಿಯಾದ ಹೊತ್ತಿಗೆ ಬಂದಳು ಎಂದುಕೊಂಡೆ. ಮದುವೆ ಬೇಡವಂತೆ. ಮೊದಲ ಮೊಳೆಗೆ ವಯಸ್ಸು ಮೀರಿತು, ಎರಡನೆಯದಕ್ಕೆ ಅರ್ಹತೆ ಸಾಲದು. ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ಯಾವ ಮಾತು ಲಾಭ, ಯಾವುದು ನಷ್ಟ ಎಂದು ನನಗೂ ಗೊತ್ತಿದೆ.

ಟೇಬಲ್ಲಿನ ಮೇಲಿನ ಫ್ಯಾನು ಕೆಟ್ಟಿದೆ. ಕೆಲಸದ ನಡುವೆ ಇದ್ದಕ್ಕಿದ್ದ ಹಾಗೆ ಬೆವರು ಕಿತ್ತುಬರುತ್ತದೆ. ಮೆಕ್ಯಾನಿಕ್‌ಗೆ ಹೇಳಬೇಕು.

ಸೆಪ್ಟೆಂಬರ್ 4

ಇವತ್ತೊಬ್ಬಳು ಬಂದಳು. ದೊಡ್ಡ ಆಸ್ಪತ್ರೆಯಲ್ಲಿ ನರ್ಸ್, ಐವತ್ತೈದರ ಆಸುಪಾಸು, ಕಂಕುಳಲ್ಲಿ ಹೆಲ್ಮೆಟ್ಟು. ಒಳಗೆ ಬರದೆ ಹೊರಗೇ ನಿಂತು ಕಿಟಕಿಯನ್ನು ನೋಡಿದಳು. ಆಮೇಲೆ ಬಂದು ಕೇಳಿದಳು:

"ಆ ಮೂರರಲ್ಲಿ ನಾನು ಯಾರು?"

ಗಿರಾಕಿ ಏನು ಕೇಳಿದರೂ ನನ್ನ ಬಳಿ ಉತ್ತರ ತಯಾರಿರುತ್ತದೆ. "ಮಕ್ಕಳಿದಾರಾ?"

"ಇಬ್ಬರು. ವರ್ಷಕ್ಕೊಂದು ಸಲ ಬಂದು ಫ್ರಿಜ್ ಖಾಲಿ ಮಾಡಿ ಹೋಗ್ತಾರೆ."

"ಮೊಮ್ಮಕ್ಕಳು?"

"ಆಗೋ ಲಕ್ಷಣ ಇಲ್ಲ. ನಂಗೆ ಅವಸರನೂ ಇಲ್ಲ."

"ಹಾಗಾದ್ರೆ ನಡುವಿನವಳು."

"ಅವಳ ಕೈ ನೋಡಿ ಅಕ್ಕಾ. ಆ ಕೈಯಲ್ಲಿ ಮೋಟರ್‌ಬೈಕಿನ ಹ್ಯಾಂಡಲ್ ಹಿಡಿಯೋಕಾಗುತ್ತಾ?"

ಕುರ್ಚಿಯಲ್ಲಿದ್ದ ಅಮ್ಮ ನಕ್ಕುಬಿಟ್ಟಳು. ಬಾಯಲ್ಲಿ ದಾರ ಕಚ್ಚಿಕೊಂಡಿದ್ದರಿಂದ ಅದು ಕೆಮ್ಮಾಯಿತು.

ಮೂರು ತಿಂಗಳಿಂದ ಬೈಕು ಕಲಿತಿದ್ದಾಳಂತೆ. ಚಳಿಗೆ ಉದ್ದನೆಯ ಕೋಟು ಬೇಕು, ಉಣ್ಣೆ ಬಟ್ಟೆ ಅವಳೇ ತಂದಿದ್ದಳು, ಬೂದಿ ಬಣ್ಣದ್ದು, ಕೈಗೆ ಹಾಲಿನ ಹಾಗೆ ಹರಿಯುವಂಥದ್ದು. "ಜೇಬು ಆಳ ಇರಲಿ" ಎಂದಳು.

"ತಾಯಂದಿರ ಕೋಟಿಗೆ ನಾವು ಆಳದ ಜೇಬು ಇಡಲ್ಲ. ಅವರ ಕೈ ಎಲ್ಲಿ ಖಾಲಿ ಇರುತ್ತೆ?"

"ನನ್ನದು ಈಗ ಖಾಲಿ ಆಗಿದೆ. ಅದಕ್ಕೇ ಕೇಳ್ತಿರೋದು."

ಅಳತೆ ತೆಗೆದು ಎರಡನೇ ಮೊಳೆ ಎಂದು ಬರೆದುಕೊಂಡೆ. ಮಾತಿನವಳು. ಹೆಲ್ಮೆಟ್ಟಿಗೆ ತಲೆ ಇದ್ದರೆ ಸಾಲದು, ಸ್ವಲ್ಪ ಗಾಂಭೀರ್ಯವೂ ಬೇಕು. ಕತ್ತರಿ ಬಿಡುವ ಮುಂಚೆ ಇದೇ ನನ್ನ ಕೊನೆಯ ದೊಡ್ಡ ಕೆಲಸವಿರಬಹುದು, ಚೆನ್ನಾಗಿ ಮಾಡಿಕೊಡುತ್ತೇನೆ.

ಸೆಪ್ಟೆಂಬರ್ 5

ಮೆಕ್ಯಾನಿಕ್ ಬಂದ. ಏಣಿ ಹತ್ತಿದ, ಇಳಿದ. "ಫ್ಯಾನಿಗೇನೂ ಆಗಿಲ್ಲ ಅಕ್ಕಾ." ಕಸುಬು ಕಲಿಯದವರೆಲ್ಲ ಏಣಿ ಹತ್ತುವ ಕಾಲ.

ಸೆಪ್ಟೆಂಬರ್ 11

ನರ್ಸಮ್ಮ ಕೋಟು ತೊಟ್ಟು ನೋಡಲು ಬಂದಳು. ಕನ್ನಡಿಯ ಮುಂದೆ ನಿಂತಾಗ ಸರಿಯಾಗಿಯೇ ಇತ್ತು. ಹ್ಯಾಂಡಲ್ ಹಿಡಿಯುವ ಹಾಗೆ ಎರಡೂ ಕೈ ಮುಂದೆ ಚಾಚಿದಳು ನೋಡಿ, ಬೆನ್ನ ಹೊಲಿಗೆ ಟರ್ ಎಂದಿತು. ಮುಂದೆ ಎದೆಯ ಕೆಳಗೆ ಒಂದು ಮಗುವನ್ನು ಬಚ್ಚಿಡುವಷ್ಟು ಬಟ್ಟೆ ಸುಮ್ಮನೆ ಜೋತಾಡುತ್ತಿತ್ತು, ಹಿಂದೆ ಭುಜಕ್ಕೆ ಸಾಲದು.

"ಮೂರನೇ ಅಚ್ಚಿನಲ್ಲಿ ನೋಡೋಣ" ಎಂದೆ. ಅದನ್ನು ಬೆನ್ನಿಗೆ ಹಿಡಿದರೆ ಭುಜ ಎರಡೂ ಕಡೆ ಇಳಿಜಾರು, ನೀರು ಹರಿದುಹೋಗುವ ಹಾಗೆ. ಮೊದಲನೆಯದನ್ನು ಹಿಡಿಯುವ ಧೈರ್ಯ ನನಗೂ ಬರಲಿಲ್ಲ, ಅವಳಿಗೂ ಬರಲಿಲ್ಲ.

"ಪರವಾಗಿಲ್ಲ ಬಿಡಿ ಅಕ್ಕಾ, ಎಲ್ಲ ಅಂಗಡೀಲೂ ಹಿಂಗೇ" ಎಂದಳು. ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಎಲ್ಲ ಅಂಗಡಿಯ ಸಾಲಿನಲ್ಲಿ ನನ್ನದನ್ನೂ ನಿಲ್ಲಿಸಿಬಿಟ್ಟಳಲ್ಲ.

ಅದೇ ಬಟ್ಟೆ ನಾನೇ ತಂದು ಹೊಸ ಕೋಟು ಮಾಡಿಕೊಡುವುದಾಗಿ ಹೇಳಿದ್ದೇನೆ.

ಸೆಪ್ಟೆಂಬರ್ 12

ಕತ್ತರಿಯನ್ನು ಸಾಣೆಯವನಿಗೆ ಕಳಿಸಿದೆ. "ಈಗ ತಾನೆ ಹಿಡಿದದ್ದಲ್ವಾ?" ಎಂದ. ಕೊಡುವ ವಸ್ತು ಹರಿತವಾಗಿರಬೇಕು, ಅಷ್ಟೇ. ಅದಿಲ್ಲದೆ ಇವತ್ತು ಕೆಲಸವಿರಲಿಲ್ಲ. ಅಮ್ಮ ಊಟಕ್ಕೆ ಹೋದಾಗ ಕುರ್ಚಿಯಲ್ಲಿ ಕೂತು ನೋಡಿದೆ. ಚೆನ್ನಾಗಿದೆ. ಬೆಳಕು ಬರುತ್ತದೆ. ರಸ್ತೆ ಕಾಣುತ್ತದೆ. ಒಂದು ಕಾಲು ಗಿಡ್ಡ, ಟಕ್ ಟಕ್ ಎನ್ನುತ್ತದೆ. ಇಷ್ಟು ವರ್ಷ ಅಮ್ಮ ಅದನ್ನು ಹೇಳಲೇ ಇಲ್ಲ. ಗಿಡ್ಡ ಕಾಲಿನ ಕೆಳಗೆ ರಟ್ಟು ಮಡಿಚಿಟ್ಟು ಎದ್ದುಬಂದೆ.

ಸೆಪ್ಟೆಂಬರ್ 19

ಪುಟ್ಟಿ ಹೊಸ ಅಚ್ಚು ಬರೆಯುತ್ತೇನೆಂದಳು. "ಮನೆಗಳ ನಕ್ಷೆ ಬರೆಯೋಳು ಕೋಟಿಗೆ ಅಡುಗೆಮನೆ ಇಡಬೇಡ" ಎಂದೆ. ಅವಳು ನಕ್ಕು ಟೇಬಲ್ಲಿನ ಮೇಲೆ ಕಾಗದ ಹರಡಿ, ಪೆನ್ಸಿಲನ್ನು ಕಿವಿಯ ಮೇಲಿಂದ ತೆಗೆದಳು. ನರ್ಸಮ್ಮ ಆಸ್ಪತ್ರೆಯಲ್ಲಿ, ಪ್ರಯೋಗಕ್ಕೆ ಒಂದು ಮೈ ಬೇಕು.

"ಅಮ್ಮಾ, ನೀನು ಅವರಷ್ಟೇ ಇದೀಯ. ಬಾ, ನಿಂತ್ಕೋ."

ನಿಂತೆ. ಬೇರೆಯವರ ಮೈಗೆ ಟೇಪು ಹಿಡಿದೇ ಜೀವನ ಕಳೆದವಳು. ನನ್ನ ಮೈಗೆ ಟೇಪು ಬಂದರೆ ಕಚಗುಳಿಯಾಗುತ್ತದೆ ಎಂದು ಇವತ್ತು ತಿಳಿಯಿತು.

"ನಿನ್ನ ಅಳತೆ ಯಾವಾಗ ತೆಗೆದಿದ್ದು?"

"ನೀನು ಹುಟ್ಟಿದ್ಮೇಲೆ."

"ನಂಗೆ ಮೂವತ್ತು."

"ಹಾಗಾದ್ರೆ ಅಷ್ಟೇ ಆಯ್ತು."

ಮಗಳು ಭುಜ ಅಳೆದಳು. ಮತ್ತೆ ಅಳೆದಳು. "ನಿನ್ನ ಭುಜ ಆ ತಾಯಿ ಅಚ್ಚಿಗಿಂತ ಎರಡು ಬೆರಳು ಅಗಲ ಇದೆ. ತೋಳು ಎತ್ತಿದಾಗೆಲ್ಲ ಬಿಗಿಯಲ್ವಾ?"

ಬಿಗಿಯುತ್ತದೆ. ಬಟ್ಟೆ ಎಂದರೆ ಹಾಗೇ ಎಂದುಕೊಂಡಿದ್ದೆ. ಥಾನು ಹೊತ್ತು ಹೊತ್ತು ಭುಜ ಬೆಳೆದಿರಬೇಕು. ಅವಳು ಬೆನ್ನಿನ ಮೇಲೆ ಅಂಗೈ ಇಟ್ಟು "ಇಲ್ಲಿ ಜಾಗ ಬಿಡ್ತೀನಿ" ಎಂದಳು. ಆ ಅಂಗೈಯನ್ನು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಇಟ್ಟಿದ್ದರೆ ನಷ್ಟವಿರಲಿಲ್ಲ.

ಮೆಕ್ಯಾನಿಕ್‌ನ ಮಾತು ನಂಬದೆ ಹೊಸ ಫ್ಯಾನು ಹಾಕಿಸಿದೆ.

ಸೆಪ್ಟೆಂಬರ್ 23

ಕತ್ತರಿಯನ್ನು ಕೊಡುವ ದಿನದ ತನಕ ಬೇರೆ ಯಾರೂ ಮುಟ್ಟುವ ಹಾಗಿಲ್ಲ. ಆದರೂ ಅಚ್ಚು ಬರೆದವಳೇ ಬಟ್ಟೆಯನ್ನೂ ಕತ್ತರಿಸಲಿ, ಕೈ ಪಳಗಲಿ ಎಂದು ಇವತ್ತೇ ಕೊಟ್ಟೆ. ನಾನು ಪಕ್ಕದಲ್ಲೇ ನಿಂತೆ.

ಮೊದಲ ಅರ್ಧ ಅಡಿ ನೆಟ್ಟಗೆ ಹೋಯಿತು. ತೋಳಿನ ತಿರುವು ಬಂದ ಕೂಡಲೇ ಕತ್ತರಿ ಬಟ್ಟೆಯನ್ನು ಅಗಿಯತೊಡಗಿತು. "ಮಣಿಕಟ್ಟು ತಿರುಗಿಸು" ಎಂದೆ. ತಿರುಗಿಸಿದಳು. ಬೂದಿ ಬಣ್ಣದ ಆ ಹೊಸ ಬಟ್ಟೆ ಅಡ್ಡಡ್ಡ ಹರಿಯಿತು.

"ಇಷ್ಟು ದಿನ ಏನು ಕಲಿತೆ?" ನನ್ನ ದನಿ ಎತ್ತರವಾಗಿರಬೇಕು. ಅಮ್ಮ ಸೂಜಿ ಕೆಳಗಿಟ್ಟಳು.

ಪುಟ್ಟಿ ಕತ್ತರಿ ಇಟ್ಟು ಕೈ ಹಿಂದೆ ಮಾಡಿಕೊಂಡಳು, ಚಿಕ್ಕವಳಿದ್ದಾಗ ಸಕ್ಕರೆ ಕದ್ದರೆ ಮಾಡುತ್ತಿದ್ದ ಹಾಗೆ. ಎಳೆದು ನೋಡಿದೆ. ಬಲಗೈ ಹೆಬ್ಬೆರಳಿನ ಬುಡದಲ್ಲಿ ಬೊಬ್ಬೆ ಒಡೆದು ಹಸಿಯಾಗಿತ್ತು. ಮನೆಯಲ್ಲಿ ಒಂದು ತಿಂಗಳಿಂದ ಹಳೆಯ ಪೇಪರ್ ಕತ್ತರಿಸಿ ಅಭ್ಯಾಸ ಮಾಡುತ್ತಿದ್ದಾಳಂತೆ.

"ಬಲಗೈಲಿ ಯಾಕೆ?" ಎಂದು ಕುರ್ಚಿಯಿಂದ ಅಮ್ಮ ಕೇಳಿದಳು. "ಅವಳು ಎಡಚಿ ಅಲ್ವೇನೇ?"

ಅಂಗೈ ಹುಣ್ಣಿಗೆ ಕನ್ನಡಿ ಬೇಕಿರಲಿಲ್ಲ. ಎಡಗೈಯಲ್ಲಿ ಪೆನ್ಸಿಲು, ಎಡಗೈಯಲ್ಲಿ ಹಲ್ಲುಜ್ಜುವುದು, ಬಾಗಿಲು ದಬ್ಬುವುದೂ ಎಡಗೈಯಲ್ಲೇ. ಬಲಗೈಯವರಿಗೆಂದೇ ಮಾಡಿದ ಕತ್ತರಿಯನ್ನು ಇಪ್ಪತ್ತೆರಡು ವರ್ಷದಿಂದ ಅವಳಿಗೆಂದೇ ಎಣ್ಣೆ ಹಚ್ಚಿ ಕಾಪಾಡಿದ್ದೇನೆ. ದೀಪದ ಬುಡದಲ್ಲಿ ಕತ್ತಲೆ.

"ಹೇಳೋಕೆ ಏನಾಗಿತ್ತು?"

"ನೀನು ಅಷ್ಟು ಆಸೆಯಿಂದ ಇಟ್ಟಿದ್ದೆ" ಎಂದಳು.

ಸೆಪ್ಟೆಂಬರ್ 24

ಬರೆಯುವುದೇನೂ ಇಲ್ಲ. ಹೊಸ ಫ್ಯಾನೂ ಬಿಸಿ ಗಾಳಿಯನ್ನೇ ಬೀಸುತ್ತಿದೆ.

ಸೆಪ್ಟೆಂಬರ್ 27

ನಿನ್ನೆ ಮತ್ತೊಮ್ಮೆ ಅದೇ ಬಟ್ಟೆ ತಂದಿಟ್ಟೆ. ಬಟ್ಟೆ ಅಂಗಡಿಯವನು "ಇಡೀ ಊರಿಗೆ ಒಂದೇ ಬಣ್ಣದ ಕೋಟಾ?" ಎಂದ.

ಇವತ್ತು ಬೇಗ ಬಂದರೆ ಕದ ತೆರೆದಿತ್ತು. ಒಳಗಿಂದ ಕತ್ತರಿಯ ಸದ್ದು, ಕರ್, ಕರ್, ನಡುವೆ ತಡೆಯೇ ಇಲ್ಲ. ನಾನು ಕತ್ತರಿಸುವಾಗ ತಿರುವಿನಲ್ಲಿ ಒಂದು ಉಸಿರು ನಿಲ್ಲಿಸುತ್ತೇನೆ. ಈ ಕೈ ನಿಲ್ಲಿಸುತ್ತಿರಲಿಲ್ಲ. ಅಮ್ಮ. ಮೋಟು ಸ್ಟೂಲಿನ ಮೇಲೆ ಹತ್ತಿ ನಿಂತು, ಪುಟ್ಟಿ ಬರೆದ ಅಚ್ಚನ್ನು ಹರಡಿ ತೋಳಿನ ಸುತ್ತು ಬಿಡಿಸುತ್ತಿದ್ದಳು. ಎಷ್ಟು ನಯವಾಗಿ ಎಂದರೆ ಬೈಯಲು ಬಾಯಿ ತೆರೆದವಳು ಹಾಗೇ ನಿಂತೆ.

"ಏನಮ್ಮಾ ಇದು?"

"ಕಣ್ಣಿಲ್ವಾ? ಕೋಟು."

"ಸ್ಟೂಲಿಂದ ಬಿದ್ದಿದ್ರೆ?"

"ಬಿದ್ದಿಲ್ಲ. ಆ ತುದಿ ಹಿಡ್ಕೋ."

ಹಿಡಿದುಕೊಂಡೆ. ಒಂದು ತೋಳು ಮುಗಿಯಿತು. ಕೇಳದೆ ಇರಲಾಗಲಿಲ್ಲ.

"ನೀನು ಕುರ್ಚೀಲಿ ಸುಖವಾಗಿದೀಯ ಅಂದ್ಕೊಂಡಿದ್ದೆ."

"ಸೊಂಟಕ್ಕೆ ಸುಖ. ಕೈಗಲ್ಲ."

"ಮತ್ಯಾಕೆ ಕೊಟ್ಟೆ?"

"ನಮ್ಮಮ್ಮ ಕೊಟ್ಲಲ್ಲ, ಅದಕ್ಕೆ."

"ಅಜ್ಜಿ ಯಾಕೆ ಕೊಟ್ಲು?"

ಅಮ್ಮ ಕತ್ತರಿ ನಿಲ್ಲಿಸಿದಳು. ಯೋಚಿಸಿದ್ದಲ್ಲ, ನಗು ತಡೆಯಲು. "ಅವಳಿಗೆ ಕಣ್ಣಲ್ಲಿ ಪೊರೆ ಬಂದಿತ್ತು ಕಣೇ. ಒಂದಿನ ಗಿರಾಕಿ ಬಟ್ಟೆ ಜತೆ ತಾನು ತೊಟ್ಟಿದ್ದರ ತೋಳನ್ನೂ ಸೇರಿಸಿ ಕತ್ತರಿಸಿಬಿಟ್ಲು. ಅವತ್ತು ನಾನೇ ಕಿತ್ಕೊಂಡೆ. ಆಗ ಅವಳಿಗೆ ಐವತ್ತನಾಲ್ಕು."

"ಅಷ್ಟೇನಾ?"

"ಅಷ್ಟೇ. ನಂಗೆ ಐವತ್ತನಾಲ್ಕು ಆದಾಗ ನೀನು ಬೆಂಚಿನ ಸುತ್ತ ಓಡಾಡ್ತಿದ್ದೆ, ಯಾವಾಗ ಕೊಡ್ತಾಳೋ ಅಂತ. ನನ್ನ ಸರದಿ ಬಂತು ಅಂದ್ಕೊಂಡೆ."

"ನಿನ್ನ ಕಣ್ಣು?"

"ನಿಮಗೆಲ್ಲ ಸೂಜಿಗೆ ದಾರ ಪೋಣಿಸಿಕೊಡೋದು ಯಾರು?"

ಹೌದು. ನನ್ನ ಸೂಜಿಗೂ ಅಮ್ಮನೇ ಪೋಣಿಸುವುದು. ಅಜ್ಜಿಯ ಕಣ್ಣಿನ ಪೊರೆಯನ್ನು ನಾವು ಪದ್ಧತಿ ಎಂದುಕೊಂಡು, ಧೂಳು ಒರೆಸಿ, ಇಲ್ಲಿಯವರೆಗೂ ಹೊತ್ತು ತಂದಿದ್ದೇವೆ.

ಅಮ್ಮ ಸ್ಟೂಲಿನಿಂದ ಇಳಿಯಲು ಕೈ ಚಾಚಿದಳು. ಆ ಕೈ ಬೆಚ್ಚಗಿತ್ತು, ಸ್ವಲ್ಪ ನಡುಗುತ್ತಿತ್ತು. ಕತ್ತರಿ ಹಿಡಿದಾಗ ನಡುಗಿರಲಿಲ್ಲ.

ಅಕ್ಟೋಬರ್ 3

ಆದರೂ ಕೊಡುತ್ತೇನೆಂದ ಮೇಲೆ ಕೊಡಬೇಕು. ಹನ್ನೆರಡಕ್ಕೆ ಕತ್ತರಿ ಪುಟ್ಟಿಗೇ, ಎಡಗೈಗೆ ಒಗ್ಗುವ ಹಾಗೆ ಸಾಣೆಯವನು ಏನಾದರೂ ಮಾಡಲಿ ಎಂದು ಬೆಳಿಗ್ಗೆ ಅದನ್ನು ಕಾಗದದಲ್ಲಿ ಸುತ್ತಿದೆ. ಪುಟ್ಟಿ ಮೆಷಿನ್ ನಿಲ್ಲಿಸಿದಳು.

"ಅಮ್ಮಾ, ಜೂನ್‌ನಲ್ಲಿ ನಾನೇನಂದೆ?"

"ಅಂಗಡಿಗೆ ಬರ್ತೀನಿ ಅಂದೆ."

"ನೀನು ಜಾಗ ಬಿಡು ಅಂದ್ನಾ?"

ನಾನು ಕಾಗದಕ್ಕೆ ದಾರ ಕಟ್ಟುತ್ತಿದ್ದೆ.

"ಟೇಬಲ್ ಎಂಟಡಿ ಇದೆ. ನಾನು ಬಂದೆ ಅಂತ ನೀನು ಕುರ್ಚಿಗೆ ಹೋಗೋದಾದ್ರೆ ನಾನು ವಾಪಸ್ ಆಫೀಸಿಗೆ ಹೋಗ್ತೀನಿ. ನಿಜವಾಗ್ಲೂ. ಅವರು ಇನ್ನೂ ಕರೀತಿದಾರೆ."

"ನನಗೇನು ಕತ್ತರಿ ಮೇಲೆ ಆಸೆ ಅಂದ್ಕೊಂಡ್ಯಾ?"

"ಇಲ್ಲಪ್ಪ" ಎಂದಳು ಪುಟ್ಟಿ. "ಯಾರಂದ್ರು?" ಅಮ್ಮ ದಾರ ಕಚ್ಚಿಕೊಂಡು ಮತ್ತೆ ಕೆಮ್ಮಿದಳು.

ಸಾಣೆಯವನು ಬಿಚ್ಚಿ ನೋಡಿ "ಇದನ್ನ ಎಡಗೈಗೆ ತಿರುಗಿಸೋಕಾಗಲ್ಲ ಅಕ್ಕಾ, ಅದರ ಹುಟ್ಟೇ ಹಾಗೆ. ಬೇರೇದೇ ತರಬೇಕು" ಎಂದ. ತರಲು ಹೇಳಿದೆ. ನನ್ನದಕ್ಕೆ ಮತ್ತೊಮ್ಮೆ ಸಾಣೆ ಹಿಡಿದುಕೊಟ್ಟ. ಬೇಡ ಎನ್ನಲಿಲ್ಲ.

ಅಕ್ಟೋಬರ್ 9

ನರ್ಸಮ್ಮ ಬಂದಳು. ಕೋಟು ತೊಟ್ಟಳು. ಎರಡೂ ಕೈ ಮುಂದೆ ಚಾಚಿದಳು. ನಾವು ಮೂವರೂ ಅವಳ ಬೆನ್ನನ್ನೇ ನೋಡುತ್ತಿದ್ದೆವು, ಹಾಲು ಉಕ್ಕುವುದನ್ನು ಕಾಯುವವರ ಹಾಗೆ. ಏನೂ ಆಗಲಿಲ್ಲ. ಹೊಲಿಗೆ ಉಸಿರಾಡಿತು, ಅಷ್ಟೇ. ಅವಳು ಜೇಬಿಗೆ ಮೊಣಕೈವರೆಗೆ ಕೈ ಬಿಟ್ಟು ನಿಂತುಬಿಟ್ಟಳು.

"ಇದರೊಳಗೆ ಮನೆ ಮಾಡಬಹುದು" ಎಂದಳು.

"ನಕ್ಷೆ ಬರೆದಿದ್ದು ಮನೆ ಕಟ್ಟೋಳೇ" ಎಂದೆ.

ಆಗಲೇ ನನಗೆ ಮತ್ತೆ ಬೆವರು. ಫ್ಯಾನನ್ನು ಜೋರು ಮಾಡಲು ಹೋದೆ. ನರ್ಸಮ್ಮ ಕೈ ಹಿಡಿದು ನಿಲ್ಲಿಸಿ, ನಾಡಿ ನೋಡುವವಳ ಹಾಗೆ ಮುಖ ನೋಡಿದಳು.

"ಎಷ್ಟು ಫ್ಯಾನ್ ಬದಲಾಯಿಸಿದ್ರಿ ಅಕ್ಕಾ?"

"ಒಂದು."

"ನಾನು ಕೂಲರ್ ತಂದಿದ್ದೆ. ಇದು ಮುಟ್ಟು ನಿಲ್ಲೋ ವಯಸ್ಸಿನ ಬಿಸಿ. ಒಂದ್ಸಲ ಡಾಕ್ಟರಿಗೆ ತೋರಿಸ್ಕೊಳ್ಳಿ, ಫ್ಯಾನನ್ನ ಬಿಟ್ಟುಬಿಡಿ ಪಾಪ."

ಅಮ್ಮ ಹೇಳಿದಳು: "ನಂಗೂ ಆಗಿತ್ತು. ಕತ್ತರಿ ಕೊಟ್ಟಿದ್ದಕ್ಕೆ ಅಂದ್ಕೊಂಡಿದ್ದೆ."

ನಾಲ್ವರೂ ನಕ್ಕೆವು. ಮೆಕ್ಯಾನಿಕ್‌ನ ಕ್ಷಮೆ ಕೇಳಬೇಕು. ಕೇಳುವುದಿಲ್ಲ, ಮುಂದಿನ ಸಲ ಟೀ ಕೊಡುತ್ತೇನೆ.

ಹೊಸ ಅಚ್ಚಿಗೆ ನಾಲ್ಕನೇ ಮೊಳೆ ಹೊಡೆದೆ. ಏನು ಬರೆಯುವುದು? ದೊಡ್ಡಮ್ಮ ಎಂದರೆ ಯಾರ ದೊಡ್ಡಮ್ಮ? ಯಜಮಾನಿ ಎಂದರೆ ಯಾರ ಯಜಮಾನಿ? ಚಾಕ್ ಹಿಡಿದು ನಿಂತೇ ಇದ್ದೆ.

"ಹೆಸರು ಯಾಕೆ?" ಎಂದಳು ನರ್ಸಮ್ಮ. "ಅಳತೆ ಬರೀರಿ. ನಮ್ಮ ವಾರ್ಡಲ್ಲಿ ಹಾಸಿಗೆಗೆ ನಂಬರ್ ಇರುತ್ತೆ, ಅಜ್ಜಿ ಹಾಸಿಗೆ ಅಂತ ಇರಲ್ಲ."

ಭುಜ, ಎದೆ, ಸೊಂಟ, ಉದ್ದ ಬರೆದೆ. ಕೈ ಇನ್ನೂ ಮೇಲೇ ಇತ್ತು. ಮಿಕ್ಕ ಮೂರನ್ನೂ ಒರೆಸಿ ಅಳತೆ ಬರೆದೆ. ನನ್ನದೇ ಅಕ್ಷರ, ಒರೆಸಲು ಯಾರನ್ನು ಕೇಳಬೇಕು? ಅಳತೆ ಮಾತ್ರ ಉಳಿದ ಮೇಲೆ ನೋಡಿದರೆ ಮೊದಲನೇ ಅಚ್ಚು ಅಮ್ಮನಿಗೆ ಸರಿಯಾಗುತ್ತದೆ. ಈ ವಯಸ್ಸಿನಲ್ಲಿ ಅವಳ ಸೊಂಟ ಅಷ್ಟು ಸಣ್ಣ.

ಅಕ್ಟೋಬರ್ 12

ಐವತ್ತನಾಲ್ಕು ತುಂಬಿತು. ಪುಟ್ಟಿ ಕೇಕು ತಂದಳು. ಅದನ್ನು ಎಡಗೈಯಲ್ಲಿ ಕತ್ತರಿಸಿದಳು, ನೆಟ್ಟಗೆ.

ನರ್ಸಮ್ಮನ ಕೋಟನ್ನು ಕಿಟಕಿಯಲ್ಲಿ ಒಂದು ದಿನ ಇಡಲು ಅವಳೇ ಬಿಟ್ಟುಹೋಗಿದ್ದಳು. ನಡುವಿನ ಬೊಂಬೆಗೆ ಹಾಕಲು ಹೋದರೆ ಚಾಚಿದ ಕೈ ತೋಳಿನೊಳಗೆ ಹೋಗದು. ನಾನು ಎಳೆದೆ, ಅಮ್ಮ ತಳ್ಳಿದಳು, ಕೈ ಕಳಚಿ ನನ್ನ ಮಡಿಲಿಗೇ ಬಂತು. ಪುಟ್ಟಿ ಖಾಲಿ ತೋಳನ್ನು ಮೆಲ್ಲಗೆ ಕೋಟಿನ ಜೇಬಿಗೆ ತುರುಕಿದಳು. ಹೊರಗೆ ಹೋಗಿ ನೋಡಿದೆವು. ಬೊಂಬೆ ಜೇಬಿನಲ್ಲಿ ಬೀಗದ ಕೈ ಹುಡುಕುತ್ತಾ ಎಲ್ಲಿಗೋ ಹೊರಟ ಹಾಗಿತ್ತು.

ಸಂಜೆ ಕತ್ತರಿ ತೆಗೆದು ಟೇಬಲ್ಲಿನ ನಡುವೆ ಇಟ್ಟೆ. ಎಡಗೈಯ ಹೊಸ ಕತ್ತರಿಯನ್ನು ಅದರ ಪಕ್ಕದಲ್ಲಿಟ್ಟೆ. ಏನಾದರೂ ಮಾತಾಡಬೇಕೆಂದು ಇಡೀ ದಿನ ಜೋಡಿಸಿಟ್ಟುಕೊಂಡಿದ್ದೆ. ಬಾಯಿದ್ದವಳಿಗೆ ಇವತ್ತೇ ಬಾಯಿ ಬರಲಿಲ್ಲ. "ಬೆಳಿಗ್ಗೆ ಅಮ್ಮ, ಆಮೇಲೆ ನಾನು" ಎಂದೆ. "ಪುಟ್ಟಿ ಯಾವಾಗ ಬೇಕಾದ್ರೂ."

"ಇಷ್ಟು ಹೇಳೋಕೆ ಎರಡು ಕೋಟಿನ ಬಟ್ಟೆ ಹಾಳು ಮಾಡಿದ್ಲು" ಎಂದು ಅಮ್ಮ ಕೇಕಿನ ಎರಡನೇ ತುಂಡು ತೆಗೆದುಕೊಂಡಳು.

ಅಕ್ಟೋಬರ್ 14

ಖರ್ಚು ಮೊದಲ ಪುಟದಲ್ಲಿದೆ. ಯಾರಿಗೆ ಏನು ಸಿಕ್ಕಿತು ಎಂಬುದು ಇಲ್ಲಿ.

ನರ್ಸಮ್ಮನಿಗೆ ಕೋಟು. ಜತೆಗೆ ಆಸ್ಪತ್ರೆಯಿಂದ ಅವಳದೇ ವಯಸ್ಸಿನ ಐವರನ್ನು ಕರೆತಂದ ಪುಣ್ಯ. ಐವರೂ ಬಾಗಿಲಲ್ಲಿ ನಿಂತಾಗ ಯಾವ ಮೊಳೆ ಎಂದು ಹೇಳಲು ನನಗಾಗಲಿಲ್ಲ, ಟೇಪು ತೆಗೆದೆ.

ಮೆಕ್ಯಾನಿಕ್‌ಗೆ ಚೆನ್ನಾಗಿದ್ದ ಹಳೆಯ ಫ್ಯಾನು, ಮತ್ತು ಟೀ.

ಅಮ್ಮನಿಗೆ ಬೆಳಗಿನ ಕತ್ತರಿ, ಅಗಲವಾದ ಹೊಸ ಸ್ಟೂಲು, ಮೊದಲನೇ ಅಚ್ಚಿನ ಒಂದು ಕೆಂಪು ಅಂಗಿ.

ಪುಟ್ಟಿಗೆ ಅವಳ ಎಡಗೈ, ಟೇಬಲ್ಲಿನ ಆ ಕಡೆಯ ನಾಲ್ಕಡಿ.

ಕುರ್ಚಿಗೆ ಗಿರಾಕಿಗಳ ಹೆಲ್ಮೆಟ್ಟು.

ನನಗೆ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಇದ್ದದ್ದೇ ಇದೆ. ಹರಿದ ಬಟ್ಟೆಯ ತುಂಡುಗಳನ್ನು ಜೋಡಿಸಿ ನಾಲ್ಕನೇ ಅಚ್ಚಿನಲ್ಲಿ ಒಂದು ಮೋಟು ಕೋಟು ಹೊಲಿದುಕೊಂಡೆ. ತೋಳು ಎತ್ತಿದರೆ ಬಿಗಿಯುವುದಿಲ್ಲ.